ಪರದೆ ಕೇಳಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ

ಬೋರನಕಣಿವೆಯ ಆಸುಪಾಸಿನಲ್ಲಿ ನಮ್ಮ ಸಮುದಾಯದ ದಾನಿಗಳ ನೆರವಿನಿಂದ ನಡೆಯುವ ಚಿಕ್ಕ ಶಾಲೆಯೊಂದಿದೆ. ಹಗಲಿನಲ್ಲಿ ಅಲ್ಲಿ ಸರ್ಕಾರದ ಪಠ್ಯಕ್ರಮದ ಪಾಠ. ಅಸ್ರ್ ನಮಾಝಿನ ಬಳಿಕ ಅದೇ ಕೋಣೆಗಳಲ್ಲಿ ಮಕ್ತಬ್. ನಾನು ಅಲ್ಲಿ ಹಗಲು ಕನ್ನಡವನ್ನೂ ಸಂಜೆ ಕುರ್‌ಆನ್ ಪಾರಾಯಣವನ್ನೂ ಕಲಿಸುತ್ತೇನೆ. ಕಳೆದ ವರ್ಷ ಆ ಶಾಲೆಯಲ್ಲಿ ಒಂದು ಸಮಾರಂಭ ನಡೆಯಿತು. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮೂರಿನ ಸಹೋದರರೊಬ್ಬರು ದೊಡ್ಡ ಪರದೆಯೊಂದನ್ನು ದಾನವಾಗಿ ಕೊಟ್ಟಿದ್ದರು. ಮುಟ್ಟಿದರೆ ತೆರೆದುಕೊಳ್ಳುವ, ಹಾಡುವ, ಚಿತ್ರ ತೋರಿಸುವ ಪರದೆ. ಯುಪಿಎಸ್ ಸೇರಿ ಅದರ ಬೆಲೆ 1,44,000 ರೂಪಾಯಿ. ಮುತವಲ್ಲಿಗಳು ರಿಬ್ಬನ್ ಕತ್ತರಿಸಿದರು. ಭಾವಚಿತ್ರ ತೆಗೆದರು, ಮಿಠಾಯಿ ಹಂಚಿದರು. ದಾನಿಗಳ ತಂದೆಯವರ ಹೆಸರು ಕೆತ್ತಿದ ಅಮೃತಶಿಲೆಯ ಫಲಕವೂ ಗೋಡೆಯಲ್ಲಿ ಕುಳಿತುಕೊಂಡಿತು.

ಅದರ ಮುಂದಿನ ತಿಂಗಳು ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಸಹೋದರಿ ಕೆಲಸ ಬಿಟ್ಟರು. ಆಕೆಗೆ ತಿಂಗಳಿಗೆ 7,000 ರೂಪಾಯಿ ಸಂಬಳವಿತ್ತು. ಎರಡು ಸಾವಿರ ಹೆಚ್ಚಿಸಿರೆಂದು ವರ್ಷದಿಂದ ಕೇಳುತ್ತಿದ್ದರು. ಕಮಿಟಿಯಲ್ಲಿ ಹಣವಿಲ್ಲ ಎಂಬ ಉತ್ತರ ಬರುತ್ತಿತ್ತು. ಲೆಕ್ಕ ಹಾಕಿ ನೋಡಿ ಸಹೋದರರೇ: ತಿಂಗಳಿಗೆ ಎರಡು ಸಾವಿರವೆಂದರೆ ವರ್ಷಕ್ಕೆ 24,000. ಆ ಪರದೆಯ ಬೆಲೆಯಲ್ಲಿ ಆಕೆಯ ಬೇಡಿಕೆಯನ್ನು ಆರು ವರ್ಷ ಪೂರೈಸಬಹುದಿತ್ತು. ಆಕೆ ಹೋದ ಮೇಲೆ ಕಮಿಟಿಯವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಹೇಗೂ ಪರದೆ ಬಂದಿದೆಯಲ್ಲ ಹಜರತ್, ಚಿಕ್ಕ ಮಕ್ಕಳಿಗೆ ಅದೇ ಸಾಕು.’

ಈ ಲೇಖನವನ್ನು ಆ ಒಂದು ಮಾತಿನ ವಿರುದ್ಧ ಬರೆಯುತ್ತಿದ್ದೇನೆ. ತಂತ್ರಜ್ಞಾನದ ವಿರುದ್ಧ ಅಲ್ಲ.

ಮೂರು ತಿಂಗಳ ಬಳಿಕ ನಡೆದುದನ್ನು ಹೇಳುತ್ತೇನೆ. ಒಂದನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು, ‘ನಿನ್ನ ನಾನಿ ಎಲ್ಲಿರುತ್ತಾರೆ?’ ಎಂದು ಕೇಳಿದೆ. ‘ಹಲ್ಲಿಯಲ್ಲಿ’ ಎಂದಳು. ಹಳ್ಳಿ ಎಂದು ಹೇಳಲು ಹೊರಟಿದ್ದಳು. ನಮ್ಮ ಮನೆಮಾತಾದ ದಖನಿ ಉರ್ದುವಿನಲ್ಲಿ ಳಕಾರವಿಲ್ಲ, ಣಕಾರವೂ ಇಲ್ಲ. ಆದುದರಿಂದ ನಮ್ಮ ಮಕ್ಕಳ ನಾಲಿಗೆಯಲ್ಲಿ ಹಳ್ಳಿ ಹಲ್ಲಿಯಾಗುತ್ತದೆ, ಹುಳಿ ಹುಲಿಯಾಗುತ್ತದೆ, ಹಣ ಹನವಾಗುತ್ತದೆ. ಇದು ಮಕ್ಕಳ ತಪ್ಪಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಪ್ರತಿಯೊಂದು ಮಗುವಿನ ಪಾಡು. ಶಿಕ್ಷಕಿ ಎದುರಿಗಿದ್ದಾಗ ಆ ಮಗುವಿನ ಮುಖವನ್ನು ತನ್ನತ್ತ ತಿರುಗಿಸಿಕೊಂಡು, ನಾಲಿಗೆಯನ್ನು ಮೇಲೆ ಮಡಚಿ ತೋರಿಸಿ, ಹತ್ತು ಬಾರಿ ಹೇಳಿಸುತ್ತಿದ್ದರು. ಪರದೆಯೂ ಹಳ್ಳಿ ಎಂಬ ಪದವನ್ನು ಹೇಳಿಸಿತ್ತು. ಅತ್ಯಂತ ಶುದ್ಧವಾದ ಉಚ್ಚಾರಣೆಯಲ್ಲಿ ಹೇಳಿ, ಮಕ್ಕಳಿಂದ ಪುನರುಚ್ಚರಿಸಲು ಎರಡು ಕ್ಷಣ ಬಿಟ್ಟು, ಬಳಿಕ ‘ಶಭಾಷ್’ ಎಂದು ಚಪ್ಪಾಳೆ ತಟ್ಟಿತ್ತು. ಹಳ್ಳಿ ಎಂದ ಮಗುವಿಗೂ ಶಭಾಷ್, ಹಲ್ಲಿ ಎಂದ ಮಗುವಿಗೂ ಶಭಾಷ್, ಬಾಯಿಯನ್ನೇ ತೆರೆಯದ ಮಗುವಿಗೂ ಶಭಾಷ್.

ಪರದೆ ಕೇಳಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನಾನು ಹೇಳಬೇಕಾದ ವಿಷಯವೆಲ್ಲ ಇಷ್ಟೇ. ಕಲಿಕೆಯಲ್ಲಿ ಕೇಳಿಸುವುದು ಅರ್ಧ ಭಾಗ. ಕೇಳಿಸಿಕೊಳ್ಳುವುದು ಉಳಿದ ಅರ್ಧ. ಮೊದಲ ಅರ್ಧವನ್ನು ಯಂತ್ರಕ್ಕೆ ವಹಿಸಬಹುದು. ಎರಡನೆಯ ಅರ್ಧವನ್ನೂ ಅದಕ್ಕೇ ವಹಿಸಿದೆವೆಂದು ತಿಳಿದು, ಕೇಳಿಸಿಕೊಳ್ಳುವ ಮನುಷ್ಯನನ್ನು ಸಂಬಳ ಕೊಡಲಾರದೆ ಮನೆಗೆ ಕಳುಹಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಈಗ ಕೆಲವರು ನನ್ನನ್ನು ಹಳೆಯ ಕಾಲದ ಮೌಲವಿ ಎಂದು ಕರೆಯಬಹುದು. ಆದುದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಹೊಸ ಸಾಧನಗಳಿಗೆ ಹೆದರುವುದು ನಮ್ಮ ಪರಂಪರೆಯಲ್ಲ. ಮೊತ್ತಮೊದಲ ವಹಿಯಲ್ಲಿಯೇ ಓದಿನ ಆಜ್ಞೆಯೂ ಲೇಖನಿಯ ಪ್ರಸ್ತಾಪವೂ ಇದೆ. ಲೇಖನಿಯೂ ಒಂದು ತಂತ್ರಜ್ಞಾನವೇ. ಚೀನಾದಲ್ಲಿ ಹುಟ್ಟಿದ ಕಾಗದವನ್ನು 8ನೆಯ ಶತಮಾನದಲ್ಲಿಯೇ ಕಲಿತುಕೊಂಡು, ಆ ಶತಮಾನ ಮುಗಿಯುವುದರೊಳಗೆ ಬಗ್ದಾದಿನಲ್ಲಿ ಕಾಗದದ ಕಾರ್ಖಾನೆ ತೆರೆದವರು ನಮ್ಮ ಪೂರ್ವಿಕರು. ಅದೇ ಸಮುದಾಯ ಮುದ್ರಣಯಂತ್ರದ ವಿಷಯದಲ್ಲಿ ಹಿಂದುಳಿಯಿತು. ಯುರೋಪಿನಲ್ಲಿ ಗುಟೆನ್‌ಬರ್ಗ್ 15ನೆಯ ಶತಮಾನದ ನಡುವಿನಲ್ಲಿ ಅಚ್ಚು ಹಾಕಿದರೆ, ಇಸ್ತಾಂಬುಲಿನಲ್ಲಿ ಇಬ್ರಾಹೀಮ್ ಮುತಫರ್ರಿಕಾ ಅವರಿಗೆ ಮುದ್ರಣಾಲಯ ತೆರೆಯುವ ಅನುಮತಿ ದೊರೆತದ್ದು 1727ರಲ್ಲಿ. ಈ ವಿಳಂಬಕ್ಕೆ ನಾವು ತೆತ್ತ ಬೆಲೆ ಸಣ್ಣದಲ್ಲ. ಆದುದರಿಂದ ಫೋನ್ ಎಂದೊಡನೆ ಫಿತ್ನಾ ಎಂದು ಕೂಗುವವರ ಸಾಲಿನಲ್ಲಿ ನಾನಿಲ್ಲ. ಮಿಂಬರಿನಿಂದ ಮೊಬೈಲನ್ನು ಖಂಡಿಸಿ, ಕೆಳಗಿಳಿದ ಕೂಡಲೇ ಅದೇ ಖುತ್ಬಾದ ವಿಡಿಯೋವನ್ನು ವಾಟ್ಸಾಪಿನಲ್ಲಿ ಹಂಚುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ದ್ವಂದ್ವದಿಂದ ಮಕ್ಕಳು ಕಲಿಯುವುದು ಕಪಟವನ್ನು ಮಾತ್ರ.

ಪ್ರಶ್ನೆ ಇರುವುದು ಸಾಧನ ಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ಸಾಧನವು ಗುರುವಿನ ಕೈಯಲ್ಲಿದೆಯೇ, ಗುರುವಿನ ಕುರ್ಚಿಯಲ್ಲಿದೆಯೇ ಎಂಬುದರಲ್ಲಿ.

ಕೊರೋನಾದ ದಿನಗಳನ್ನು ನೆನಪಿಸಿಕೊಳ್ಳಿ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈ 8ರಂದು ರಾಜ್ಯ ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಪಟ್ಟಣಗಳಲ್ಲಿ ನಿಷೇಧ ಸರಿಯೇ, ಅನುಮತಿ ಸರಿಯೇ ಎಂಬ ಚರ್ಚೆ ನಡೆಯುತ್ತಿದ್ದಾಗ ನಮ್ಮ ತೆಂಗಿನ ಸೀಮೆಯ ಮಕ್ಕಳಿಗೆ ಎರಡೂ ಒಂದೇ ಆಗಿತ್ತು. ಮನೆಯಲ್ಲಿ ಇರುವ ಒಂದೇ ಫೋನು ತಂದೆಯ ಜೇಬಿನಲ್ಲಿ ತೋಟಕ್ಕೋ ಸಂತೆಗೋ ಹೋಗಿರುತ್ತಿತ್ತು. ಸಂಜೆ ಅದು ಮನೆಗೆ ಬಂದರೂ ಸಿಗ್ನಲ್ ಬರುತ್ತಿರಲಿಲ್ಲ. ದೊಡ್ಡ ಮಕ್ಕಳು ಕೆಲವರು ಜಲಾಶಯದ ಏರಿಯ ಮೇಲೆ ಹತ್ತಿ, ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಲ್ಲುತ್ತಿದ್ದರು. ಹಳೆಯ ಮೈಸೂರು ಸಂಸ್ಥಾನದವರು ಸುವರ್ಣಮುಖಿಯ ನೀರು ನಿಲ್ಲಿಸಲು ಕಟ್ಟಿದ ಏರಿ ನಮ್ಮ ಮಕ್ಕಳಿಗೆ ಪಾಠ ಹಿಡಿಯುವ ಗೋಪುರವಾಯಿತು.

ಆ ವರ್ಷ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಪಾಠ ಮಾಡಿದ ಶಿಕ್ಷಕರು ಶ್ರಮಪಟ್ಟಿದ್ದರು, ಅದರಲ್ಲಿ ಅನುಮಾನವಿಲ್ಲ. ಪಾಠಗಳು ಮಕ್ಕಳಿಗೆ ಕೇಳಿಸಿದವು. ಆದರೆ ಅರ್ಥವಾಗಲಿಲ್ಲ ಎಂದು ಹೇಳಲು ಮಗುವಿಗೆ ಅಲ್ಲಿ ಬಾಯಿ ಇರಲಿಲ್ಲ. ಆ ಕೊರತೆಯನ್ನು ಇಲಾಖೆಯೇ ಕಂಡುಕೊಂಡಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಸರ್ಕಾರಿ ಶಾಲೆಯ ಮೇಷ್ಟರು, ಮೇಡಂಗಳು ಮಕ್ಕಳಿದ್ದಲ್ಲಿಗೆ ನಡೆದರು. ದೇವಸ್ಥಾನದ ಜಗುಲಿ, ಮರದ ನೆರಳು, ಸಮುದಾಯ ಭವನ, ಎಲ್ಲವೂ ವಠಾರ ಶಾಲೆಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ಆರಂಭಿಸಿದರು. ಆ ಅಪಾಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಗಮನಿಸಿ: ಉಪಗ್ರಹವೂ ವಾಹಿನಿಯೂ ಫೋನೂ ಇದ್ದ ಕಾಲದಲ್ಲಿಯೇ, ಮಕ್ಕಳನ್ನು ತಲುಪಲು ರಾಜ್ಯವು ಕೊನೆಗೆ ಆಶ್ರಯಿಸಿದ್ದು ಶಿಕ್ಷಕರ ಕಾಲುಗಳನ್ನು.

ಆ ಕಾಲಾವಧಿಯ ಫಲಿತಾಂಶವೂ ದಾಖಲಾಗಿದೆ. ಪ್ರಥಮ್ ಸಂಸ್ಥೆಯ ಅಸೆರ್ ವರದಿಯ ಪ್ರಕಾರ, ಗ್ರಾಮೀಣ ಕರ್ನಾಟಕದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ಕ್ಕೆ ಹೋಲಿಸಿದರೆ 2021ರ ವೇಳೆಗೆ ಸುಮಾರು ಅರ್ಧಕ್ಕೆ ಇಳಿಯಿತು. ಮನೆಗಳಿಗೆ ಫೋನುಗಳು ಹೆಚ್ಚಾಗಿ ಬಂದ ವರ್ಷಗಳೇ ಅವು. ಫೋನು ಬಂತು, ಓದು ಹೋಯಿತು. ಶಾಲೆ ಮುಚ್ಚಿದ್ದೇ ಇದಕ್ಕೆ ಮುಖ್ಯ ಕಾರಣ ನಿಜ. ಆದರೆ ಶಾಲೆ ಮುಚ್ಚಿದಾಗ ಆ ಜಾಗವನ್ನು ಫೋನು ತುಂಬಲಾರದು ಎಂಬುದು ಅಷ್ಟೇ ನಿಜ. 2024ರ ವರದಿಯನ್ನೂ ನೋಡಿ. ದೇಶದ ಗ್ರಾಮೀಣ ಪ್ರದೇಶದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76. ನಮ್ಮ ಮಕ್ಕಳಿಗೆ ಪರದೆಯನ್ನು ಪರಿಚಯಿಸುವ ಕಾರ್ಯ ಬಾಕಿ ಉಳಿದಿಲ್ಲ, ಸಹೋದರರೇ. ಬಾಕಿ ಉಳಿದಿರುವುದು ಅದರ ಪಕ್ಕದಲ್ಲಿ ಕುಳಿತುಕೊಳ್ಳುವ ದೊಡ್ಡವರು.

ಇದು ಹೊಸ ಪಾಠವೂ ಅಲ್ಲ. 1975ರ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಬೆಳಗಿತು. ನಮ್ಮ ರಾಜ್ಯದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ರೈತರಿಗೆ ಕಾರ್ಯಕ್ರಮಗಳು. ಅದು ಜಗತ್ತೇ ಮೆಚ್ಚಿದ ಪ್ರಯೋಗ. ಆದರೆ ಒಂದು ವರ್ಷ ಮುಗಿಯುತ್ತಿದ್ದಂತೆ ಎರವಲು ಉಪಗ್ರಹ ಹಿಂದೆ ಸರಿಯಿತು. ಅದೇ ಪ್ರಯೋಗದಲ್ಲಿ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟಿದ್ದರು. ಉಪಗ್ರಹ ಹೊರಟುಹೋದರೂ ಆ ಶಿಕ್ಷಕರು ತಮ್ಮ ಊರುಗಳಲ್ಲಿಯೇ ಉಳಿದರು. ಯಾವ ಹಣ ನೆಲದಲ್ಲಿ ಬೇರು ಬಿಟ್ಟಿತು ಎಂದು ನೀವೇ ಯೋಚಿಸಿ.

ಹೊರಜಗತ್ತಿನಲ್ಲಿಯೂ ಇದೇ ಕತೆ. ದಕ್ಷಿಣ ಅಮೆರಿಕದ ಪೆರು ದೇಶವು ಬಡ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಹಂಚುವ ಬೃಹತ್ ಯೋಜನೆಯನ್ನು ಕೈಗೊಂಡಿತು. 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂದಾಗ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ ಪುರಾವೆ ಸಿಗಲಿಲ್ಲ. ಶ್ರೀಮಂತ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿ 2015ರಲ್ಲಿ ಪ್ರಕಟಿಸಿದ ವರದಿಯೂ, ಶಾಲಾ ಕಂಪ್ಯೂಟರುಗಳಿಗೆ ಭಾರೀ ಹಣ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನಗಳಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲವೆಂದು ಒಪ್ಪಿಕೊಂಡಿತು. ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿ ಈ ವಿಷಯಕ್ಕೇ ಮೀಸಲಾಗಿತ್ತು. ತಂತ್ರಜ್ಞಾನವು ಯಾರ ಷರತ್ತಿನ ಮೇಲೆ ತರಗತಿಗೆ ಬರಬೇಕು ಎಂಬ ಪ್ರಶ್ನೆಯನ್ನು ಅದು ಮುಂದಿಟ್ಟಿತು. ಶ್ರೀಮಂತರು ಪ್ರಯೋಗ ಮಾಡಿ, ಕೈ ಸುಟ್ಟುಕೊಂಡು ಕಲಿತದ್ದನ್ನು ಬಡವರಾದ ನಾವು ಚಂದಾ ಎತ್ತಿ ಮೊದಲಿನಿಂದ ಕಲಿಯಬೇಕೇ?

ಆದರೆ ನ್ಯಾಯವಾಗಿ ಮಾತನಾಡಬೇಕು. ತಂತ್ರಜ್ಞಾನ ಫಲ ಕೊಟ್ಟ ಉದಾಹರಣೆಗಳೂ ಇವೆ. ನನ್ನ ವಾದ ನಿಲ್ಲುವುದು ಅವುಗಳ ಮೇಲೆಯೇ.

ಮೊದಲನೆಯದು ದೆಹಲಿಯದು. ಮಗುವಿನ ಮಟ್ಟವನ್ನು ಅಳೆದು, ಆ ಮಟ್ಟಕ್ಕೆ ತಕ್ಕ ಲೆಕ್ಕವನ್ನೇ ಕೊಡುವ ‘ಮೈಂಡ್‌ಸ್ಪಾರ್ಕ್’ ಎಂಬ ಗಣಕ ಕಾರ್ಯಕ್ರಮವನ್ನು ಅಲ್ಲಿ ಶಾಲೆಯ ಸಮಯದ ಹೊರಗೆ ನಡೆಸಲಾಯಿತು. ಕೇವಲ ನಾಲ್ಕೂವರೆ ತಿಂಗಳಲ್ಲಿ ಮಕ್ಕಳು ಗಣಿತದಲ್ಲಿಯೂ ಹಿಂದಿಯಲ್ಲಿಯೂ ಸ್ಪಷ್ಟವಾಗಿ ಮುಂದೆ ಬಂದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪರದೆ ಮಾರುವವರು ಉತ್ಸಾಹದಿಂದ ಉದಾಹರಿಸುತ್ತಾರೆ. ಆದರೆ ಅವರು ಹೇಳದ ಸಂಗತಿಯೊಂದಿದೆ. ಅಲ್ಲಿ ಪ್ರತಿದಿನ 45 ನಿಮಿಷ ಗಣಕದ ಮುಂದೆ ಕಳೆದ ಮಕ್ಕಳು ಮತ್ತೆ 45 ನಿಮಿಷ ಸುಮಾರು ಹದಿನೈದು ಮಂದಿಯ ಗುಂಪಿನಲ್ಲಿ ಸಹಾಯಕ ಶಿಕ್ಷಕರ ಬಳಿ ಕುಳಿತಿದ್ದರು.

ಎರಡನೆಯದು ಆಫ್ರಿಕಾದ ಬೋಟ್ಸ್ವಾನದ್ದು. ಕೊರೋನಾ ಕಾಲದಲ್ಲಿ ಅಲ್ಲಿ ಕೆಲವು ಮನೆಗಳಿಗೆ ಫೋನಿನಲ್ಲಿ ಲೆಕ್ಕಗಳ ಸಂದೇಶ ಮಾತ್ರ ಕಳುಹಿಸಿದರು. ಇನ್ನು ಕೆಲವು ಮನೆಗಳಿಗೆ ಸಂದೇಶದ ಜೊತೆಗೆ ವಾರಕ್ಕೊಮ್ಮೆ ಶಿಕ್ಷಕರು ಕರೆ ಮಾಡಿ, ಮಗುವಿನಿಂದ ಲೆಕ್ಕ ಮಾಡಿಸಿ ಕೇಳಿದರು. ಸಂದೇಶ ಮಾತ್ರ ಪಡೆದ ಮಕ್ಕಳಲ್ಲಿ ಹೇಳಿಕೊಳ್ಳುವಂತಹ ಪ್ರಗತಿ ಕಾಣಲಿಲ್ಲ. ಕರೆಯನ್ನೂ ಪಡೆದ ಮಕ್ಕಳು ಕಲಿತರು. ಈ ದಾರಿಯನ್ನೇ ಹಿಡಿದು ನಮ್ಮ ರಾಜ್ಯದ ಶಿಕ್ಷಣ ಇಲಾಖೆಯೂ ‘ಗಣಿತ ಗಣಕ’ ಎಂಬ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿದೆ. ಸರ್ಕಾರಿ ಶಾಲೆಯ ಶಿಕ್ಷಕರು 3ರಿಂದ 5ನೆಯ ತರಗತಿಯ ಮಕ್ಕಳಿಗೆ ಕರೆ ಮಾಡಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದನ್ನು ಹೇಳಿಕೊಡುತ್ತಾರೆ. ಅದಕ್ಕೆ ಸ್ಮಾರ್ಟ್‌ಫೋನೂ ಬೇಡ, ಗುಂಡಿ ಒತ್ತುವ ಚಿಕ್ಕ ಫೋನು ಸಾಕು. ಲಕ್ಷ ರೂಪಾಯಿಯ ಪರದೆ ಮಾಡಲಾರದ ಕೆಲಸವನ್ನು ಸಾವಿರ ರೂಪಾಯಿಯ ಫೋನು ಹೇಗೆ ಮಾಡಿತು? ಏಕೆಂದರೆ ಅದರ ಇನ್ನೊಂದು ತುದಿಯಲ್ಲಿ ಮನುಷ್ಯನ ಕಿವಿಯಿತ್ತು.

ಇತ್ತೀಚೆಗೆ ಕೇಳಿಸಿಕೊಳ್ಳುವ ಆ್ಯಪ್‌ಗಳೂ ಬಂದಿವೆ ಎಂದು ಯುವಕರು ನನಗೆ ಹೇಳುತ್ತಾರೆ. ಕುರ್‌ಆನ್ ಪಾರಾಯಣವನ್ನು ಆಲಿಸಿ, ಬಿಟ್ಟುಹೋದ ಪದವನ್ನು ಕೆಂಪಾಗಿಸಿ ತೋರಿಸುವ ಆ್ಯಪನ್ನು ನಾನೂ ನೋಡಿದ್ದೇನೆ. ಹಿಫ್ಝ್ ಮಾಡಿದ ಭಾಗವನ್ನು ಮನೆಯಲ್ಲಿ ಮರುಪಠಿಸುವ ಹುಡುಗರಿಗೆ ಅದು ಒಳ್ಳೆಯ ಜೊತೆಗಾರ. ನನ್ನ ವಿದ್ಯಾರ್ಥಿಗಳಿಗೆ ನಾನೇ ಅದನ್ನು ಸೂಚಿಸಿದ್ದೇನೆ. ಆದರೆ ಅದು ತಪ್ಪನ್ನು ಕೇಳುತ್ತದೆಯೇ ಹೊರತು ಮಗುವನ್ನು ಕೇಳುವುದಿಲ್ಲ. ನಿನ್ನೆ ಸರಾಗವಾಗಿ ಓದಿದ ಹುಡುಗ ಇಂದು ಮೂರು ಕಡೆ ಎಡವಿದರೆ, ಅವನ ತಪ್ಪು ಮೂರು ಎಂದು ಆ್ಯಪ್ ಹೇಳುತ್ತದೆ. ಬೆಳಿಗ್ಗೆಯಿಂದ ಅವನು ಏನನ್ನೂ ತಿಂದಿಲ್ಲ ಎಂಬುದನ್ನು ಎದುರು ಕುಳಿತ ಉಸ್ತಾದರು ಮಾತ್ರ ತಿಳಿಯಬಲ್ಲರು.

ನಮ್ಮ ದೀನಿನ ಜ್ಞಾನವು ತಲೆಮಾರಿನಿಂದ ತಲೆಮಾರಿಗೆ ದಾಟಿದ ಬಗೆಯನ್ನು ನೋಡಿದರೂ ಇದೇ ಕಾಣುತ್ತದೆ. ಕುರ್‌ಆನ್ ಗ್ರಂಥರೂಪದಲ್ಲಿ ಮನೆಮನೆಯಲ್ಲಿದೆ. ಆದರೂ ಅದನ್ನು ಓದುವ ವಿಧಾನವನ್ನು ಇಂದಿಗೂ ಬಾಯಿಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಕಲಿಸಲಾಗುತ್ತದೆ. ಜಿಬ್ರೀಲ್(ಅ) ಪ್ರತಿ ರಮಝಾನಿನಲ್ಲಿ ಬಂದು ಪ್ರವಾದಿ(ಸ)ರೊಡನೆ ಕುರ್‌ಆನನ್ನು ಪುನರಾವರ್ತಿಸುತ್ತಿದ್ದರು. ಪ್ರವಾದಿ(ಸ)ರ ಕೊನೆಯ ವರ್ಷದಲ್ಲಿ ಎರಡು ಬಾರಿ ಹಾಗೆ ನಡೆಯಿತು ಎಂದು ಹದೀಸ್‌ಗಳಿಂದ ನಮಗೆ ತಿಳಿದಿದೆ. ವಹಿಯನ್ನು ಕೇಳಿಸಿದ ಮೇಲೆ ಕೆಲಸ ಮುಗಿಯಿತೆಂದು ದೇವದೂತರೂ ಬಿಟ್ಟುಬಿಡಲಿಲ್ಲ. ಮರಳಿ ಬಂದು ಕೇಳಿಸಿಕೊಂಡರು.

ಮಸೀದಿಗೆ ಬಂದು ಅವಸರದಲ್ಲಿ ನಮಾಝ್ ಮುಗಿಸಿದ ವ್ಯಕ್ತಿಯ ಪ್ರಸಂಗ ನಿಮಗೆ ಗೊತ್ತಿದೆ. ಪ್ರವಾದಿ(ಸ)ರು ಅವನನ್ನು ಮರಳಿ ಹೋಗಿ ನಮಾಝ್ ಮಾಡುವಂತೆ ಹೇಳಿದರು. ಮೂರು ಬಾರಿ ಹೀಗೆ ನಡೆಯಿತು. ತನಗೆ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ, ಕಲಿಸಿಕೊಡಿ ಎಂದು ಅವನೇ ಕೇಳಿದಾಗ, ನಿಲ್ಲುವುದರಿಂದ ಆರಂಭಿಸಿ ರುಕೂಅ್, ಸುಜೂದ್ ಎಲ್ಲವನ್ನೂ ಸಮಾಧಾನದಿಂದ ಮಾಡುವ ರೀತಿಯನ್ನು ಹೇಳಿಕೊಟ್ಟರು. ಅವನು ಮಾಡುವುದನ್ನು ಒಬ್ಬರು ನೋಡುತ್ತಿದ್ದರು. ಅದರಿಂದಲೇ ಅವನು ಕಲಿತನು. ಯಾರೂ ನೋಡದಿದ್ದರೆ ಅವನು ಜೀವನವಿಡೀ ಅದೇ ಅವಸರದ ನಮಾಝನ್ನು ಮಾಡುತ್ತ, ತನಗೆ ಬರುತ್ತದೆ ಎಂದುಕೊಂಡೇ ಇರುತ್ತಿದ್ದನು.

ಹಣದ ವಿಷಯಕ್ಕೂ ನಮ್ಮ ಚರಿತ್ರೆಯಲ್ಲಿ ಮಾದರಿಯಿದೆ. ಹಿಜ್ರಿ 2ನೆಯ ವರ್ಷ, ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಬಿಡುಗಡೆಗೆ ಪರಿಹಾರಧನ ನಿಗದಿಯಾಯಿತು. ಅವರಲ್ಲಿ ಹಣವಿಲ್ಲದ, ಆದರೆ ಅಕ್ಷರ ಬಲ್ಲ ಬಂದಿಗಳಿಗೆ, ಮದೀನಾದ ಹತ್ತು ಮಕ್ಕಳಿಗೆ ಓದುಬರಹ ಕಲಿಸಿದರೆ ಅದೇ ಪರಿಹಾರವೆಂದು ಒಪ್ಪಿಕೊಳ್ಳಲಾಯಿತು ಎಂದು ಸೀರಾ ಗ್ರಂಥಗಳು ದಾಖಲಿಸಿವೆ. ಆಗ ಮದೀನಾದ ಸಮುದಾಯ ಎಷ್ಟು ಬಡವಾಗಿತ್ತೆಂದು ಯೋಚಿಸಿ. ಮುಹಾಜಿರರ ಮನೆಗಳಲ್ಲಿ ಹಸಿವಿತ್ತು, ಯೋಧರಿಗೆ ಆಯುಧಗಳಿರಲಿಲ್ಲ. ಬರಬೇಕಾದ ನಾಣ್ಯಗಳನ್ನು ಬಿಟ್ಟುಕೊಟ್ಟು ಅವರು ಪಡೆದದ್ದು ಶಿಕ್ಷಕರನ್ನು. ಕಲಿಸುವವನು ನಮ್ಮವನಲ್ಲ, ನಿನ್ನೆಯವರೆಗೆ ಶತ್ರುವಾಗಿದ್ದನು ಎಂಬುದೂ ಅಡ್ಡಿಯಾಗಲಿಲ್ಲ. ಸಮುದಾಯದ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಸುನ್ನತ್ ಬೇಕೇ?

ಇನ್ನು ದಾನಿಗಳಿಗೂ ಕಮಿಟಿಯವರಿಗೂ ನೇರವಾಗಿ ಕೆಲವು ಮಾತು. ನಿಮ್ಮ ನಿಯ್ಯತ್ತನ್ನು ನಾನು ಶಂಕಿಸುವುದಿಲ್ಲ. ಪರದೆಯನ್ನು ನೀವು ಸದಕಾ ಜಾರಿಯಾ ಎಂದು ಭಾವಿಸಿ ಕೊಡುತ್ತೀರಿ. ಅದು ಗೋಡೆಯ ಮೇಲೆ ಉಳಿಯುತ್ತದೆ, ಸಂಬಳ ತಿಂಗಳಿಗೊಮ್ಮೆ ಕರಗಿಹೋಗುತ್ತದೆ ಎಂಬುದು ನಿಮ್ಮ ಲೆಕ್ಕ. ಆದರೆ ಮರಣದ ಬಳಿಕವೂ ಮುಂದುವರಿಯುವ ಪುಣ್ಯಕಾರ್ಯಗಳಲ್ಲಿ ಪ್ರಯೋಜನಕಾರಿಯಾದ ಜ್ಞಾನವನ್ನೂ ಪ್ರವಾದಿ(ಸ)ರು ಎಣಿಸಿದ್ದಾರೆ. ಪರದೆಯ ಆಯುಷ್ಯ ಎಷ್ಟು? ಬೇಸಿಗೆಯ ವೋಲ್ಟೇಜ್ ಏರಿಳಿತ, ಛಾವಣಿಯಿಂದ ಸೋರುವ ಮಳೆಗಾಲ, ಒಂದು ಹಲ್ಲಿ ಒಳಗೆ ಸೇರಿಕೊಂಡರೂ ಅದರ ಕತೆ ಮುಗಿಯಿತು. ಅದೇ ಹಣದಿಂದ ಒಬ್ಬ ಶಿಕ್ಷಕಿ ಹಳ್ಳಿ ಎಂದು ಹೇಳಲು ಕಲಿಸಿದ ಮಗು ನಾಳೆ ಕನ್ನಡ ಪತ್ರಿಕೆ ಓದುತ್ತದೆ, ಅರ್ಜಿ ಬರೆಯುತ್ತದೆ, ತನ್ನ ಮಕ್ಕಳಿಗೂ ಓದಿಸುತ್ತದೆ. ಹಾಗಾದರೆ ಜಾರಿಯಾ ಯಾವುದು? ಸಂಬಳಕ್ಕೆ ಅಮೃತಶಿಲೆಯ ಫಲಕ ಹಾಕಲು ಬರುವುದಿಲ್ಲ ಎಂಬುದೇ ಕೊರತೆಯಾಗಿದ್ದರೆ, ಫಲಕವನ್ನು ಓದಬೇಕಾದವನು ಯಾರೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಸರ್ಕಾರಿ ಶಾಲೆಗಳಲ್ಲಿಯೂ ರೋಗ ಇದೇ. ಖಾಯಂ ಶಿಕ್ಷಕರ ಹುದ್ದೆಗಳು ಖಾಲಿ ಬಿದ್ದಿವೆ. ಹತ್ತು, ಹನ್ನೆರಡು ಸಾವಿರದ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರು ಶಾಲೆಗಳನ್ನು ಹೊತ್ತಿದ್ದಾರೆ. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಪರದೆಯನ್ನು ಆ ಲೆಕ್ಕದಲ್ಲಿ ಸೇರಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಇದನ್ನು ನಾವು ಸರ್ಕಾರಕ್ಕೆ ಕೇಳಬೇಕು. ಆದರೆ ನಮ್ಮದೇ ಶಾಲೆಯಲ್ಲಿ, ನಮ್ಮದೇ ಮಕ್ತಬಿನಲ್ಲಿ ಅದೇ ತಪ್ಪನ್ನು ಮಾಡುತ್ತ ಕೇಳುವುದು ಯಾವ ಬಾಯಿಯಿಂದ?

ಹಾಗಾದರೆ ಏನು ಮಾಡಬೇಕು? ಯಾವುದೇ ಕಮಿಟಿ ಪರದೆಯನ್ನೋ ಟ್ಯಾಬನ್ನೋ ಆ್ಯಪಿನ ಚಂದಾವನ್ನೋ ಕೊಳ್ಳುವ ಮೊದಲು ಮೂರು ವಿಷಯಗಳನ್ನು ತೀರ್ಮಾನಿಸಲಿ. ಒಂದು, ಶಿಕ್ಷಕರ ಸಂಬಳದಲ್ಲಿ ಬಾಕಿಯಿದ್ದರೆ ಅದು ತೀರುವವರೆಗೆ ಯಾವ ಸಾಧನವೂ ಬೇಡ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ನಾವೇ ಬಯಾನ್ ಮಾಡುತ್ತೇವಲ್ಲವೇ? ಎರಡು, ಸಾಧನವನ್ನು ಆರಿಸುವವರು ಅದನ್ನು ಬಳಸುವ ಶಿಕ್ಷಕರೇ ಆಗಿರಲಿ. ಯಾವ ಪಾಠಕ್ಕೆ, ಎಷ್ಟು ನಿಮಿಷ, ಯಾವ ಭಾಷೆಯಲ್ಲಿ ಎಂದು ಹೇಳಬಲ್ಲವರು ಅವರು. ಮಾರಾಟಗಾರನಲ್ಲ, ದಾನಿಯೂ ಅಲ್ಲ. ಮೂರು, ಸಾಧನದ ಬೆಲೆಯ ಜೊತೆಗೆ ಶಿಕ್ಷಕರ ತರಬೇತಿಗೂ ಹಣ ತೆಗೆದಿಡಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡ್‌ಗಳು ಅಚ್ಚಾಗಿವೆ. ಅವನ್ನು ಒಮ್ಮೆಯೂ ತೆರೆದು ನೋಡದ ಶಿಕ್ಷಕರಿದ್ದಾರೆ. ಯಾರೂ ಅವರಿಗೆ ತೋರಿಸಿಕೊಟ್ಟಿಲ್ಲ. ಬಿಟ್ಟಿಯಾಗಿ ಸಿಗುವುದನ್ನೇ ಬಳಸದೆ ಲಕ್ಷ ಕೊಟ್ಟು ಏನನ್ನು ತರುತ್ತೇವೆ?

ನಮ್ಮ ಶಾಲೆಯ ಪರದೆಯನ್ನು ಒಡೆದು ಹಾಕಿ ಎಂದು ನಾನು ಹೇಳಿಲ್ಲ. ಹೃದಯ ಬಡಿಯುವ ಬಗೆಯನ್ನು, ಮೆಕ್ಕಾ ಮದೀನಾಗಳ ನಡುವಿನ ಮರುಭೂಮಿಯನ್ನು, ಸಮುದ್ರವನ್ನೇ ಕಾಣದ ನಮ್ಮ ಮಕ್ಕಳಿಗೆ ಸಮುದ್ರವನ್ನು ನಾನು ಅದರಲ್ಲಿ ತೋರಿಸುತ್ತೇನೆ. ಹತ್ತು ನಿಮಿಷ ತೋರಿಸಿ, ಆರಿಸಿ, ಮಕ್ಕಳತ್ತ ತಿರುಗಿ ಏನು ಕಂಡಿರಿ ಎಂದು ಕೇಳುತ್ತೇನೆ. ಪಾಠ ಆರಂಭವಾಗುವುದು ಆಗ. ಆದರೆ ಒಂದನೆಯ ತರಗತಿಗೆ ಇನ್ನೂ ಶಿಕ್ಷಕಿ ಬಂದಿಲ್ಲ. ಎರಡು ತರಗತಿಯ ಮಕ್ಕಳು ಈಗಲೂ ದಿನಕ್ಕೆ ಮೂರು ಗಂಟೆ ಆ ಶಭಾಷ್‌ಗಳ ಎದುರು ಕುಳಿತಿರುತ್ತಾರೆ.

ತೆಂಗಿನ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಹರಾಜು ಆನ್‌ಲೈನ್ ಟೆಂಡರಿನಲ್ಲಿ ನಡೆಯುತ್ತದೆ. ಕ್ವಿಂಟಲಿನ ಧಾರಣೆ ಕ್ಷಣದಲ್ಲಿ ರೈತನ ಫೋನಿಗೆ ಬರುತ್ತದೆ. ಅದು ಒಳ್ಳೆಯದೇ. ಆದರೆ ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚು ಕಡಿಮೆ ಒಂದು ವರ್ಷ ಮಲಗಬೇಕು. ಒಳಗಿನ ನೀರು ಆರಬೇಕು, ತಿರುಳು ಚಿಪ್ಪನ್ನು ತಾನಾಗಿಯೇ ಬಿಡಬೇಕು. ಆಯಿತೋ ಇಲ್ಲವೋ ಎಂದು ತಿಳಿಯಲು ರೈತನು ಕಾಯಿಯನ್ನು ಕೈಗೆತ್ತಿಕೊಂಡು, ಕಿವಿಯ ಬಳಿ ಹಿಡಿದು ಅಲುಗಾಡಿಸಿ ಕೇಳಿಸಿಕೊಳ್ಳುತ್ತಾನೆ. ಒಂದೊಂದು ಕಾಯಿಯನ್ನೂ ಹಾಗೆ ಕೇಳಿಸಿಕೊಳ್ಳುವ ನಾವು, ನಮ್ಮ ಮಕ್ಕಳನ್ನು ಕೇಳಿಸಿಕೊಳ್ಳಲು ಒಬ್ಬರಿಗೆ ಸಂಬಳ ಕೊಡಲಾರೆವು ಎಂದರೆ ನಾಳೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸೋಣ?

ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಆ ಅಮಾನತನ್ನು ಕಾಯುವವರ ಹಕ್ಕನ್ನು ತೀರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.